ನಾಲ್ಬೆರಳನ ಹುಟ್ಟು

ಒಂದು ಗುಳ್ಳೆ, ಮುಖವಾಡದ ಅಂಚಿನಿಂದ ನುಣುಚಿಕೊಂಡು ಕಣ್ಣೆದುರೇ ಮೇಲೇರುತ್ತದೆ, ಹಸಿರು ನೀರಿನಲ್ಲಿ ಹಸಿರು ಗುಳ್ಳೆ, ಅದರ ಹಿಂದೆ ಇನ್ನೊಂದು, ಆಮೇಲೆ ಇಲ್ಲ — ಬರಬೇಕಿತ್ತಲ್ಲ, ಉಸಿರು ಎಳೆದುಕೊಂಡರೆ ತಾನೇ ಬಿಡುವುದು, ಎಳೆದು ನೋಡುತ್ತಾನೆ, ಬೆನ್ನ ಹಿಂದಿನಿಂದ ಬಾಯಿಗೆ ಬರುವ ಸಣ್ಣ ಕೊಳವೆ ಗಾಳಿಯ ಬದಲು ಬರೀ ರಬ್ಬರಿನ ರುಚಿ ಕೊಡುತ್ತದೆ, ಎಲ್ಲೋ ಮಡಚಿಕೊಂಡಿರಬೇಕು, ಇಲ್ಲ, ತನ್ನ ಪುಕ್ಕಲುತನವೇ ಇರಬೇಕು, ಯಾವಾಗಲೂ ಹೀಗೇ ಅನ್ನಿಸುತ್ತದೆ, ಸ್ವಲ್ಪ ತಡೆದುಕೊ, ಶಾಟ್ ನಡೆಯುತ್ತಿದೆ, ಅಷ್ಟು ಜನ ಬೆಳಗಿನಿಂದ ದೀಪ ಹೊಂದಿಸಿದ್ದಾರೆ. ಸೊಂಟಕ್ಕೆ ಕಟ್ಟಿದ ಪಟ್ಟಿ ಅವನನ್ನು ತೊಟ್ಟಿಯ ತಳಕ್ಕೆ ಬಿಗಿದಿದೆ, ತೇಲದಿರಲಿ ಅಂತ, ಹೊಟ್ಟೆಯಲ್ಲಿರುವ ಕೂಸು ತೇಲುತ್ತದೆಯೇ ಇಲ್ಲವೇ, ಅಕ್ಕನನ್ನು ಕೇಳಬೇಕಿತ್ತು. ಅಕ್ಕ ಫೋನಿನಲ್ಲಿ ನಕ್ಕಿದ್ದಳು, ಈ ಸಲನಾದ್ರೂ ನಿನ್ ಮುಖ ತೋರಿಸ್ತಾರೇನೋ, ಇಲ್ಲ ಕಣೇ, ಇದು ನಾಲ್ಬೆರಳ ಹುಟ್ಟೋ ಭಾಗ, ಹುಟ್ಟೋವಾಗಾದ್ರೂ ಮುಖ ಅಂತ ಒಂದು ಇರತ್ತಲ್ಲೋ. ಇಷ್ಟೊಂದು ಸಿನಿಮಾಗಳಲ್ಲಿ ನಾಲ್ಬೆರಳ ಎಂಬ ರಾಕ್ಷಸನಾಗಿ ಊರು ಸುಟ್ಟಿದ್ದಾನೆ, ಸೇತುವೆ ಮುರಿದಿದ್ದಾನೆ, ಜನ ಕುರ್ಚಿಯಲ್ಲಿ ಕೂತು ಶಾಪ ಹಾಕಿದ್ದಾರೆ, ದನಿ ಬೇರೆಯವರದು, ಮುಖ ರಬ್ಬರಿನದು, ಬಸ್ಸಿನಲ್ಲಿ ಪಕ್ಕದವನ ಅಂಗಿಯ ಮೇಲೆ ನಾಲ್ಬೆರಳನ ಚಿತ್ರ, ಸ್ವಲ್ಪ ಸರೀರಿ ಸ್ವಾಮಿ ಅಂದಿದ್ದ ಆ ಪಕ್ಕದವನು, ಸರಿದು ಕೂತಿದ್ದ ಇವನು.

ಗಾಜಿನಾಚೆ ಬಿಳಿ ಕೋಟು ಅಲುಗುತ್ತದೆ, ಡಾಕ್ಟರಮ್ಮನ ಪಾತ್ರದಾಕೆ, ಅವಳೇ ನಾಲ್ಬೆರಳನನ್ನು ಮಾಡಿದವಳು, ಹತ್ತಾರು ಜನರ ವಂಶವಾಹಿ ಕತ್ತರಿಸಿ ಜೋಡಿಸಿ, ತೋಳದ್ದೊಂದು ಚೂರು ಹಾವಿನದೊಂದು ಚೂರು ಸೇರಿಸಿ, ಈ ತೊಟ್ಟಿಯಲ್ಲಿ ಬೆಳೆಸಿದವಳು, ಕಥೆಯಲ್ಲಿ ಅವನು ಮೊದಲ ಬಾರಿ ಕಣ್ಣು ತೆರೆದಾಗ ಹೆದರಿ ದೀಪ ಆರಿಸಿ ಹೋಗಿಬಿಡುತ್ತಾಳೆ, ಅಷ್ಟಕ್ಕೇ ಅವನು ಕೆಟ್ಟವನಾಗುತ್ತಾನೆ. ಅಷ್ಟಕ್ಕೇನಾ ಅಂತ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ, ನಿನ್ನೆ, ಅದೆಲ್ಲಿಂದ ಬಂತೋ ಧೈರ್ಯ, ಇವನೇ ಬಾಯಿಬಿಟ್ಟಿದ್ದ, ಬರೀ ನೋಡೋದು ಬೇಡ ಸಾರ್, ನಾಲ್ಬೆರಳ ಗಾಜಿನ ಮೇಲೆ ಅಂಗೈ ಇಟ್ಟರೆ, ಅವಳು ಅದನ್ನ ನೋಡಿದ ಮೇಲೂ ಹೋದ್ರೆ. ನಿರ್ದೇಶಕ ಪೆನ್ನು ಕೆಳಗಿಟ್ಟಿದ್ದ, ನೋಡ್ರಪ್ಪ, ನಮ್ಮ ರಾಕ್ಷಸನಿಗೂ ತಲೆ ಇದೆ. ರಾತ್ರಿಯೆಲ್ಲ ಆ ಮಾತನ್ನೇ ಹೊದ್ದು ಮಲಗಿದ್ದ. ಬೆಳಗ್ಗೆ ತೊಟ್ಟಿಗಿಳಿಸುವಾಗ ನೀರಿನ ಮೇಸ್ತ್ರಿ, ಏನಾದ್ರೂ ಆದ್ರೆ ಅಂಗೈ ಗಾಜಿಗಿಡಪ್ಪ, ತಕ್ಷಣ ಎತ್ತಿಬಿಡ್ತೀವಿ, ಅಂದಾಗ ತಲೆಯಾಡಿಸಿದ್ದ, ಅಂಗೈ ಸೀನಿನಲ್ಲೇ ಇದೆಯಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಮೇಸ್ತ್ರಿ ಹಗ್ಗ ಬಿಗಿಯುತ್ತಿದ್ದ, ಕೆಲಸದಲ್ಲಿರುವವರನ್ನು ತಡೆಯುವುದೇಕೆ, ಅವರಿಗೂ ಗೊತ್ತಿರುತ್ತದೆ, ತನಗಿಂತ ಚೆನ್ನಾಗಿಯೇ ಗೊತ್ತಿರುತ್ತದೆ —

ಗೊತ್ತಿಲ್ಲ. ಅಂಗೈ ಗಾಜಿನ ಮೇಲಿದೆ, ಆಗಲೇ ಇಟ್ಟಿದ್ದಾನೆ, ಒತ್ತುತ್ತಿದ್ದಾನೆ, ಕಿವಿಯ ಬಳಿಯ ಸಣ್ಣ ಸ್ಪೀಕರಿನಲ್ಲಿ ನಿರ್ದೇಶಕನ ದನಿ, ಸೂಪರ್, ಹಾಗೇ ಇರು, ಇನ್ನೂ ಸ್ವಲ್ಪ ಒದ್ದಾಡು. ಒದ್ದಾಡುತ್ತಾನೆ. ಆಹಾ, ಇದಪ್ಪ ನಟನೆ ಅಂದ್ರೆ. ಎಂದೂ ಯಾರೂ ಹೇಳಿರಲಿಲ್ಲ ಹಾಗೆ, ಅಕ್ಕನಿಗೆ ಹೇಳಬೇಕು, ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ಬೀರುವಿನೊಳಗೆ ಕೂತು ಕೂತು, ಹುಡುಕಲಿ ಹುಡುಕಲಿ ಅಂತ, ಅಕ್ಕ ಆಟ ಮರೆತು ಊಟಕ್ಕೆ ಕೂತಿದ್ದಳು, ನೀನು ಕೂಗಬಾರದಿತ್ತೇನೋ ಪೆದ್ದ, ಕೂಗಿದ್ರೆ ಸೋತ ಹಾಗೆ ಅಲ್ವಾ ಅಕ್ಕ. ಎದೆಯಲ್ಲಿ ಯಾರೋ ಹಗ್ಗ ಬಿಗಿಯುತ್ತಿದ್ದಾರೆ, ಹಸಿರು ಕಪ್ಪಾಗುತ್ತಿದೆ, ಡಾಕ್ಟರಮ್ಮ ಕೈಯನ್ನು ನೋಡುತ್ತಾಳೆ, ಬಹಳ ಚೆನ್ನಾಗಿ ನೋಡುತ್ತಾಳೆ, ಹೆದರಿದವಳ ಹಾಗೆ, ಹಿಂದೆ ಸರಿಯುತ್ತಾಳೆ, ದೀಪದ ಗುಂಡಿಯತ್ತ ಅವಳ ಕೈ, ಆರಿಸಬೇಡಮ್ಮ, ತಾಯಿ, ಆರಿಸಬೇಡ, ನಾಲ್ಬೆರಳನೂ ಇದನ್ನೇ ಹೇಳಿರಬೇಕು, ಪಾಪ, ಯಾರಿಗೆ ಕೇಳಿಸಿತ್ತು. ಈ ಕೈ ಯಾರದು, ಬೂದು ಬಣ್ಣದ ನಾಲ್ಕು ಬೆರಳು, ಹೊಲಿಗೆಯಮ್ಮ ಬೆಳಗ್ಗೆ ತಾನೇ ಹೊಲಿದು ಮುಚ್ಚಿದ ಕೈಗವಸು, ಬಾಯಲ್ಲಿ ದಾರ ಕಚ್ಚಿಕೊಂಡು, ಕಿರುಬೆರಳನ್ನ ಉಂಗುರದ ಬೆರಳಿಗೆ ಒತ್ತಿಕೊಂಡಿರು ಮಗಾ, ಐದು ಕಂಡ್ರೆ ಮುಗೀತು, ನೀನು ರಾಕ್ಷಸ ಅಲ್ಲ, ಬಾಡಿಗೆ ಮನೇಲಿರೋ ಮನುಷ್ಯ. ಐದು ಕಂಡರೆ. ಇಷ್ಟು ವರ್ಷ ಒತ್ತಿಕೊಂಡೇ ಬಂದ ಬೆರಳು, ಮನೆಯಲ್ಲಿ ಲೋಟ ಹಿಡಿಯುವಾಗಲೂ ಅಂಟಿಕೊಂಡೇ ಇರುವ ಬೆರಳು, ಅದನ್ನು ಎಳೆಯುತ್ತಾನೆ, ಹೊಲಿಗೆ ಗಟ್ಟಿ, ಹೊಲಿಗೆಯಮ್ಮನ ಕೆಲಸ ಯಾವಾಗಲೂ ಗಟ್ಟಿ, ಕ್ಷಮಿಸಮ್ಮ, ಎಳೆಯುತ್ತಾನೆ, ಒಂದು ಎಳೆ ಬಿಟ್ಟಿತು, ಇನ್ನೊಂದು, ರಬ್ಬರು ಸೀಳಿ ತಣ್ಣನೆಯ ನೀರು ಚರ್ಮಕ್ಕೆ ತಾಗುತ್ತದೆ, ಬೆಳ್ಳಗೆ ಸುಕ್ಕುಗಟ್ಟಿದ ಕಿರುಬೆರಳು ಗಾಜಿನ ಮೇಲೆ, ಬೇರೆಯಾಗಿ, ಒಂಟಿಯಾಗಿ. ಅಯ್ಯೋ, ಕಿವಿಯಲ್ಲಿ ನಿರ್ದೇಶಕ, ಅದೇನದು ಬೆರಳು, ಐದು ಕಾಣ್ತಿದೆ, ಛೆ, ಇಷ್ಟೊಳ್ಳೆ ಶಾಟ್ ಕೆಡ್ತಲ್ರೀ, ಯಾರಾದ್ರೂ ಮೇಲೆ ಹತ್ತಿ ಅವನ ಕೈ ಸರಿಮಾಡಿ. ಕೆಡಲಿ, ಕೆಟ್ಟಿತಲ್ಲ, ಹತ್ತುತ್ತಾರೆ, ಏಣಿಗೆ ಯಾರದೋ ಕಾಲು ತಾಗಿದ ಸದ್ದು, ಕೈ ಸರಿಮಾಡಲು ಬರುತ್ತಿದ್ದಾರೆ, ಕೈಯನ್ನು ಮಾತ್ರ, ಆದರೂ ಬರುತ್ತಿದ್ದಾರೆ, ಅಂಗೈ ತೆಗೆಯಬಾರದು, ಅವರು ಬರುವವರೆಗೆ ತೆಗೆಯಬಾರದು, ಹಸಿರು, ಗಾಜು, ನಾಲ್ಕು ಬೂದು, ಒಂದು ಬಿಳಿ, ಐದು, ಗಾಜಿನ ಮೇಲೆ ಐದು, ಐದು —