ಹಾಲು ಗಂಟು

ತಲಘಟ್ಟಪುರದ ಅಕ್ಕಯಮ್ಮ ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರು ಹಾಕುವ ಕೆಲಸಕ್ಕಿಳಿದು ಮೂವತ್ತು ವರ್ಷ ದಾಟಿತ್ತು. ಅವಳ ಕಾಲ ಮೇಲೆ ಮಲಗಿ ಮಿಂದ ಜಯನಗರದ ಕೂಸುಗಳು ಈಗ ಕಾಲೇಜಿಗೆ ಹೋಗುತ್ತಿದ್ದವು. "ಅಕ್ಕಯಮ್ಮನ ಕೈಗೆ ಕಣ್ಣಿದೆ" ಎಂದು ಜನ ಹೇಳುತ್ತಿದ್ದರು. ಮೊದಲೆಲ್ಲ ಆ ಮಾತಿಗೆ ಅವಳು ಹಿಗ್ಗುತ್ತಿದ್ದಳು. ಚೂಡಾಮಣಿ ತೀರಿಹೋದ ಮೇಲೆ ಅದನ್ನು ಕೇಳಿದರೆ ಕೈಯನ್ನು ಸೆರಗಿನಡಿ ಮುಚ್ಚಿಕೊಳ್ಳುತ್ತಿದ್ದಳು.

ಚೂಡಾಮಣಿ ಬನಶಂಕರಿಯವಳು. ಬ್ಯಾಂಕಿನಲ್ಲಿ ಕೆಲಸ, ಮೂವತ್ತೊಂದು ವಯಸ್ಸು, ಚೊಚ್ಚಲ ಹೆಣ್ಣು ಕೂಸು. ಆರು ವರ್ಷದ ಹಿಂದೆ ಅವಳ ಬಾಣಂತನಕ್ಕೆ ಅಕ್ಕಯಮ್ಮನೇ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಎಣ್ಣೆ ಹಚ್ಚುವಾಗ ಎಡ ಮೊಲೆಯಲ್ಲಿ, ಕಂಕುಳ ಕಡೆಗೆ, ಹಲಸಿನ ಬೀಜದಷ್ಟು ಗಂಟು ಸಿಕ್ಕಿತು.

"ನೋಯತ್ತಾ ಕಂದಾ?"

"ಒಂಚೂರೂ ಇಲ್ಲ."

"ಹಾಲು ಗಂಟು. ನೀವಿದ್ರೆ ಕರಗಿ ಹೋಗತ್ತೆ."

ಮೂರು ತಿಂಗಳು ನೀವಿದಳು. ಕರಗಲಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಜಾರಲೂ ಇಲ್ಲ. ಬೇರು ಬಿಟ್ಟ ಹಾಗೆ ಅಲ್ಲೇ ಕೂತಿತ್ತು. ಇದ್ಯಾಕೋ ಸರಿಯಿಲ್ಲ ಎಂದು ಅಕ್ಕಯಮ್ಮನಿಗೆ ಎರಡನೆಯ ತಿಂಗಳಲ್ಲೇ ಅನಿಸಿತ್ತು, ಆದರೆ ಹೇಳಿದ್ದನ್ನು ತಿದ್ದಿಕೊಳ್ಳಲು ಬಾಯಿ ಬರಲಿಲ್ಲ. ಅದು ಕ್ಯಾನ್ಸರ್ ಎಂದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು; ಕೂಸಿಗೆ ಎರಡು ತುಂಬುವ ಮೊದಲೇ ಚೂಡಾಮಣಿ ತೀರಿಕೊಂಡಳು. ಸುದ್ದಿ ಗೊತ್ತಾದಾಗ ಅಕ್ಕಯಮ್ಮ ಇನ್ನೊಬ್ಬಳ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಳು. ಮುಖ ನೋಡಲು ಹೋಗಲಿಲ್ಲ.

ಅಂದಿನಿಂದ ಮುದ್ದೆ ತಿರುವುವಾಗ ಹೆಬ್ಬೆರಳಡಿ ಆ ಗಂಟು ಸಿಗುತ್ತಿತ್ತು. ಹಿಟ್ಟನ್ನು ಮತ್ತೆ ಮತ್ತೆ ಹಿಚುಕಿ ನೋಡುತ್ತಿದ್ದಳು, ಏನೂ ಇರುತ್ತಿರಲಿಲ್ಲ. ಯಾರದೋ ಮನೆಯ ಬಚ್ಚಲಲ್ಲಿ ಹಬೆ ಏಳುವಾಗ ಬೆನ್ನ ಹಿಂದಿನಿಂದ "ಒಂಚೂರೂ ಇಲ್ಲ" ಎಂದಂತಾಗಿ ತಿರುಗುತ್ತಿದ್ದಳು. ಒದ್ದೆ ಗೋಡೆ ಕಾಣುತ್ತಿತ್ತು.

ಈ ವರ್ಷ ಜೆ.ಪಿ. ನಗರದಲ್ಲಿ, ಸತ್ಯಭಾಮಾ ಅವರ ಮಗಳು ಸಮನ್ವಿತಾಳ ಬಾಣಂತನ. ಇಪ್ಪತ್ತನೆಯ ದಿನ ಬಲ ಮೊಲೆಯಲ್ಲಿ ಅಕ್ಕಯಮ್ಮನ ಬೆರಳು ನಿಂತಿತು.

"ನೋಯತ್ತಾ?"

"ಇಲ್ವಲ್ಲ, ಯಾಕೆ?"

ಅಕ್ಕಯಮ್ಮ ಬಿಸಿ ಮುಟ್ಟಿದವಳಂತೆ ಕೈ ತೆಗೆದಳು. ಬಾಗಿಲಲ್ಲಿದ್ದ ಸತ್ಯಭಾಮಾ ಬಂದು ಮುಟ್ಟಿ ನೋಡಿದರು. "ಹಾಲು ಕಟ್ಟಿದೆ ಅಷ್ಟೆ. ನೀವಿ ಬಿಡಿ ಅಕ್ಕಯಮ್ಮ."

"ನಾನು ನೀವಲ್ಲಮ್ಮಾ. ಇವತ್ತೇ ಡಾಕ್ಟ್ರಿಗೆ ತೋರಿಸಿ."

"ಇಪ್ಪತ್ತು ದಿನದ ಬಾಣಂತೀನ ಆಸ್ಪತ್ರೆಗೆ ಎಳೀಲಾ?"

"ಹಿಂದೊಂದು ಸಲ ಹಾಲು ಗಂಟು ಅಂತ ನಾನೇ ಹೇಳಿ ಮೂರು ತಿಂಗಳು ನೀವಿದೆ. ಆ ಹುಡುಗಿ ಈಗಿಲ್ಲ."

ಆರು ವರ್ಷದಲ್ಲಿ ಅದನ್ನವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸಮನ್ವಿತಾ ಸೀರೆ ಸುತ್ತಿಕೊಂಡು ಎದ್ದು ನಿಂತಳು.

ಸ್ಕ್ಯಾನ್ ಆಯಿತು, ಸೂಜಿ ಹಾಕಿ ಚೂರು ತೆಗೆದರು. ವರದಿಗೆ ಐದು ದಿನ. ಆ ಐದು ದಿನ ಅಕ್ಕಯಮ್ಮ ಕೂಸಿಗೆ ಮಾತ್ರ ನೀರು ಹಾಕಿ ಹೋಗುತ್ತಿದ್ದಳು; ಸತ್ಯಭಾಮಾ ಅವಳೊಡನೆ ಮಾತಾಡುತ್ತಿರಲಿಲ್ಲ. ಮೆಟ್ರೋದಲ್ಲಿ ಎದುರು ಕೂತ ಹೆಂಗಸರೆಲ್ಲ ಚೂಡಾಮಣಿಯ ಹಾಗೇ ಕಂಡು, ಅಕ್ಕಯಮ್ಮ ಬಾಗಿಲ ಕಡೆ ಮುಖ ಮಾಡಿ ನಿಂತೇ ಮನೆಗೆ ಹೋಗುತ್ತಿದ್ದಳು.

ಐದನೆಯ ದಿನ ಕೂಸನ್ನೆತ್ತಿಕೊಂಡು ಅವರ ಜೊತೆ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಕಾಗದ ನೋಡಿ ನಕ್ಕರು. "ಕ್ಯಾನ್ಸರ್ ಅಲ್ಲ. ಹಾಲು ತುಂಬಿಕೊಂಡ ಚೀಲ. ಏನೂ ಮಾಡಲ್ಲ ಇದು."

ಸತ್ಯಭಾಮಾ ಕಣ್ಣೊರೆಸಿಕೊಂಡರು. ಅಕ್ಕಯಮ್ಮ ತಡೆಯಲಾರದೆ ಕೇಳಿದಳು, "ಕೈಗೆ ಗೊತ್ತಾಗಲ್ವಾ ಡಾಕ್ಟ್ರಮ್ಮ, ಯಾವ್ದು ಒಳ್ಳೇದು ಯಾವ್ದು ಕೆಟ್ಟದ್ದು ಅಂತ?"

"ಸ್ವಲ್ಪ ಗೊತ್ತಾಗತ್ತೆ. ಕೆಟ್ಟದ್ದು ಸಾಮಾನ್ಯವಾಗಿ ಗಟ್ಟಿ, ಅಂಚು ಸರಿಯಾಗಿ ಸಿಗಲ್ಲ, ಕೂತ ಜಾಗ ಬಿಡಲ್ಲ. ಒಳ್ಳೇದು ಬೆರಳ ಕೆಳಗೆ ಜಾರತ್ತೆ. ಆದ್ರೆ ಕೆಟ್ಟದ್ದೂ ಒಂದೊಂದ್ಸಲ ಜಾರತ್ತಮ್ಮ. ನನ್ನ ಕೈಗೂ ಮೋಸ ಆಗಿದೆ. ಅದಕ್ಕೇ ಸೂಜಿ ಹಾಕೋದು."

"ನೋವಿಲ್ಲ ಅಂದ್ರೆ?"

"ನೋವಿಲ್ಲ ಅಂತ ಸುಮ್ನೆ ಕೂರಬಾರದು."

"ಗಂಟನ್ನ ನೀವಿದ್ರೆ... ಹರಡತ್ತಾ?"

ಡಾಕ್ಟರಮ್ಮ ಕಾಗದ ಕೆಳಗಿಟ್ಟರು. "ನೀವಿದ್ದರಿಂದ ಹರಡಲ್ಲ. ಕಾದಿದ್ದರಿಂದ ಹರಡತ್ತೆ."

ಹೊರಗೆ ಬಂದದ್ದೇ ಸತ್ಯಭಾಮಾ ಕೂಸನ್ನು ಕಿತ್ತುಕೊಂಡರು. "ಐದು ದಿನ ನಮ್ಮ ಪ್ರಾಣ ಹಿಂಡಿದೆ. ನಾಳೆಯಿಂದ ಬರಬೇಡ." ಸಮನ್ವಿತಾ ಮಾತ್ರ ಅವಳ ಕೈ ಹಿಡಿದು, "ಅಮ್ಮ ಹೆದರಿಬಿಟ್ಟಿದ್ದಾರೆ ಅಕ್ಕಯಮ್ಮ, ಬೇಜಾರು ಮಾಡ್ಕೋಬೇಡಿ" ಎಂದಳು.

ವರದಿ ಒಳ್ಳೆಯದಾದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು ಅಕ್ಕಯಮ್ಮ. ಹಗುರಾಗಲಿಲ್ಲ. ಮನೆಯ ಕಡೆಗೆ ಹೋಗದೆ ಬನಶಂಕರಿ ಬಸ್ಸು ಹತ್ತಿದಳು.

ಬಾಗಿಲು ತೆಗೆದವರು ಚೂಡಾಮಣಿಯ ತಾಯಿ ಕಮಲಾದೇವಿ. ಕೂದಲೆಲ್ಲ ಬೆಳ್ಳಗಾಗಿತ್ತು. ಅಕ್ಕಯಮ್ಮ ಹೊಸಿಲಾಚೆಯೇ ನಿಂತು ಎಲ್ಲವನ್ನೂ ಹೇಳಿದಳು: ಗಂಟು ಸಿಕ್ಕಿದ್ದು, ಅದು ಜಾರದಿದ್ದದ್ದು, ಅನುಮಾನ ಬಂದರೂ ಬಾಯಿ ಮುಚ್ಚಿಕೊಂಡದ್ದು.

ಕಮಲಾದೇವಿ ಬೈಯಲಿಲ್ಲ. "ಒಳಗೆ ಬನ್ನಿ" ಎಂದು ಕೂರಿಸಿದರು. ತಾವೂ ಎದುರು ಕೂತರು.

"ನಂಗೂ ತೋರಿಸಿದ್ಲು. ಹಾಲು ಗಂಟು ಕಣೇ, ನಿನ್ನ ಹೆತ್ತಾಗ ನಂಗೂ ಆಗಿತ್ತು ಅಂದೆ. ಡಾಕ್ಟ್ರ ಹತ್ರ ಹೋಗಿ ಬರ್ತೀನಿ ಅಂತ ಹೊರಟೋಳನ್ನ, ಬಾಣಂತಿಗೆ ಗಾಳಿ ತಾಕತ್ತೆ ಅಂತ ನಿಲ್ಲಿಸಿದೋಳು ನಾನು. ಯಾರಿಗೂ ಹೇಳಿಲ್ಲ."

ಅಕ್ಕಯಮ್ಮ ಮೆಲ್ಲಗೆ ಕೇಳಿದಳು, "ನಿಮ್ಗೂ ಕಾಣಿಸ್ತಾಳಾ ಅವಳು?"

"ದಿನಾ. ಮಾತಾಡಲ್ಲ. ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತಿರ್ತಾಳೆ."

ಇಬ್ಬರೂ ಬಾಗಿಲ ಕಡೆ ನೋಡಿದರು. ಅಷ್ಟರಲ್ಲಿ ಗೇಟು ಕಿರ್ ಎಂದಿತು. ಸ್ಕೂಲ್ ಬ್ಯಾಗಿನ ಭಾರಕ್ಕೆ ಬಾಗಿಕೊಂಡು ಚೂಡಾಮಣಿಯ ಮಗಳು ಬಂದಳು. "ಇವರು ಯಾರಜ್ಜಿ?"

"ನೀನು ಪುಟ್ಟ ಪಾಪು ಆಗಿದ್ದಾಗ ನೀರು ಹಾಕ್ತಿದ್ದೋರು." ಮಗು ಒಳಗೆ ಹೋಗುವವರೆಗೆ ಕಮಲಾದೇವಿ ಕಾದರು. "ಇವಳು ದೊಡ್ಡೋಳಾದ ಮೇಲೆ ಹೇಳಬೇಕು. ಅಮ್ಮನಿಗೆ ಏನಾಯ್ತು, ನಾವಿಬ್ಬರೂ ಏನು ಅಂದ್ವಿ, ಎಲ್ಲಾ. ನಾನಿಲ್ದಿದ್ರೆ ನೀವು ಹೇಳ್ತೀರಾ?"

"ಹೇಳ್ತೀನಿ" ಎಂದಳು ಅಕ್ಕಯಮ್ಮ.