ಪೇಟೆಯಲ್ಲಿ ಯಾರೂ ನಿಂತು ಹೋಗುವುದಿಲ್ಲ

ನಮ್ಮ ವಿಭಾಗವನ್ನು ಉಳಿಸಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸಲು ಆ ಬೆಳಿಗ್ಗೆ ಇಬ್ಬರು ಬಂದಿದ್ದರು. ಒಬ್ಬರು ನಿವೃತ್ತ ಇತಿಹಾಸ ಪ್ರಾಧ್ಯಾಪಕರು, ಸಮಿತಿಯ ಅಧ್ಯಕ್ಷರು. ಇನ್ನೊಬ್ಬರು ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿ. ಆ ಅಧಿಕಾರಿ ಕೂರುವ ಮೊದಲು ಕುರ್ಚಿಯನ್ನು ಅಲ್ಲಾಡಿಸಿ ನೋಡಿಯೇ ಕೂತರು. ನಮ್ಮದು ವಿಡಿಯೊ ಗೇಮ್ ಅಧ್ಯಯನ ವಿಭಾಗ. ಒಂದು ಕೋಣೆ, ಹಳೆಯ ಗೇಮ್ ಯಂತ್ರಗಳ ಒಂದು ಕಪಾಟು, ನನ್ನ ಮಾರ್ಗದರ್ಶಕಿ ಮೇಡಂ, ಮತ್ತು ನಾನು. ನಮ್ಮಮ್ಮ ಇವತ್ತಿಗೂ ನೆಂಟರ ಮುಂದೆ ನಾನು ಕಂಪ್ಯೂಟರ್ ಓದುತ್ತಿದ್ದೇನೆ ಎಂದೇ ಹೇಳುವುದು. ಮಗಳು ಆಟ ಓದುತ್ತಾಳೆ ಎನ್ನಲು ಅವಳಿಗೆ ನಾಚಿಕೆ.

"ಅಲ್ಲಮ್ಮ, ಆಟ ಅಂದ್ರೆ ಆಡೋದು. ಅದರಲ್ಲಿ ಓದೋಕೇನಿದೆ?" ಎಂದರು ಅಧ್ಯಕ್ಷರು.

ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ನನ್ನ ಬಾಯಿ ಸವೆದಿದೆ. ಇವರು ಇಡೀ ಆಯುಷ್ಯ ಸತ್ತ ರಾಜರ ನಾಣ್ಯ ಉಜ್ಜುತ್ತಾ ಕೂತಿದ್ದರಲ್ಲ, ಇವರನ್ನು ಯಾರಾದರೂ ಕೇಳಿದ್ದರೇ? ನನ್ನ ಮುಖ ನೋಡಿಯೇ ಮೇಡಂಗೆ ಗೊತ್ತಾಗಿರಬೇಕು, ಮೇಜಿನ ಕೆಳಗೆ ನನ್ನ ಕಾಲು ತುಳಿದರು. ನಾಲಿಗೆ ಬಿಗಿಹಿಡಿದು ಪ್ರೊಜೆಕ್ಟರ್ ಹಾಕಿ, ಆಟವನ್ನೇ ತೆರೆದೆ.

ನಾನು ಅಧ್ಯಯನ ಮಾಡುವ ಆಟವನ್ನು ಆಡುವವರು 'ಪೇಟೆ' ಎಂದು ಕರೆಯುತ್ತಾರೆ. ಎಲ್ಲೆಲ್ಲಿಯೋ ಇರುವ ಜನ ತಂತಮ್ಮ ಮನೆಯಿಂದ ಒಂದೊಂದು ಗೊಂಬೆಯನ್ನು ನಡೆಸಿಕೊಂಡು ಬಂದು ಒಂದು ಚೌಕದಲ್ಲಿ ಸೇರುತ್ತಾರೆ. ಗೆಲ್ಲುವುದಿಲ್ಲ, ಸೋಲುವುದಿಲ್ಲ. ಅಂಗಡಿ ಇಡಬಹುದು, ಬಟ್ಟೆ ಹೊಲಿಯಬಹುದು, ಹರಟೆ ಹೊಡೆಯಬಹುದು. ಹಳೆಯ ಆಟ, ಈಗ ಉಳಿದಿರುವವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ನಾನು 'ಕಾಗೆ'. ಕಾಗೆ ಸಂಶೋಧನೆ ಮಾಡುತ್ತಾಳೆ ಎಂದು ಅಲ್ಲಿ ಎಲ್ಲರಿಗೂ ಗೊತ್ತು. ಅವಳು ಯಾರು, ಎಲ್ಲಿಯವಳು ಎಂಬುದು ಯಾರಿಗೂ ಗೊತ್ತಿಲ್ಲ.

"ನೋಡಿ ಸಾರ್," ಎಂದೆ. "ಇಲ್ಲಿ ಎರಡು ಪದ್ಧತಿ ಇದೆ. ಆಟ ಮಾಡಿದೋರು ಈ ಕಲ್ಲಿನ ಕಟ್ಟೆ ಮಾತ್ರ ಮಾಡಿಟ್ರು. ಮನೆಗೆ ಹೊರಡೋ ಮುಂಚೆ ಗೊಂಬೆನ ಕಟ್ಟೆ ಮೇಲೆ ಕೂರಿಸಿ ಹೋಗ್ಬೇಕು ಅನ್ನೋದು ಆಡೋರೇ ಮಾಡ್ಕೊಂಡ ಪದ್ಧತಿ. ಕೂರಿಸಿದ್ರೆ ನಾಳೆ ಬರ್ತೀನಿ ಅಂತ ಅರ್ಥ. ನಿಂತಲ್ಲೇ ಬಿಟ್ಟು ಹೋದ್ರೆ ಇನ್ನು ಬರಲ್ಲ ಅಂತ. ಮರೆತು ಹೊರಟೋರನ್ನ ಉಳಿದವರು ಕೈ ಹಿಡಿದು ಕೂರಿಸ್ತಾರೆ."

"ಇನ್ನೊಂದು?" ಎಂದರು ಅಧಿಕಾರಿ, ಗಡಿಯಾರ ನೋಡುತ್ತಾ.

"ಇನ್ನೊಂದು, ಯಾರನ್ನೂ ಊರು ಮನೆ ಕೇಳಬಾರದು. ಕೇಳಿದ್ರೆ ಚೌಕದಲ್ಲಿರೋರೆಲ್ಲ ಬೆನ್ನು ತಿರುಗಿಸಿ ನಿಲ್ತಾರೆ."

ನನ್ನ ಪ್ರಬಂಧದ ಅತ್ಯುತ್ತಮ ಅಧ್ಯಾಯ ಆ ತಿರುಗಿದ ಬೆನ್ನುಗಳ ಬಗ್ಗೆಯೇ ಇದೆ. ಯಾರು ಯಾರೆಂದು ಗೊತ್ತಿಲ್ಲದಿರುವುದರಿಂದಲೇ ಅಲ್ಲಿನ ಜನ ಒಬ್ಬರಿಗೊಬ್ಬರು ಹತ್ತಿರವಾಗಿದ್ದಾರೆ ಎಂದು ಅದರಲ್ಲಿ ವಾದಿಸಿದ್ದೇನೆ. ಹೆಮ್ಮೆಯಿಂದ ಹೇಳುತ್ತೇನೆ, ಚೆನ್ನಾಗಿ ಬರೆದಿದ್ದೇನೆ.

ಅಷ್ಟರಲ್ಲಿ ಅಧಿಕಾರಿ ನಕ್ಕರು. "ಆ ಮುದುಕಿಗೆ ಏನಾಗಿದೆ? ಗೋಡೆ ಒಳಗೆ ಹೋಗೋಕೆ ನೋಡ್ತಿದಾಳೆ."

ಪರದೆಯ ಮೂಲೆಯಲ್ಲಿ ನೀಲಿ ಶಾಲಿನ ಗೊಂಬೆಯೊಂದು ಗೋಡೆಗೆ ಮುಖ ಕೊಟ್ಟು ನಡೆಯುತ್ತಲೇ ಇತ್ತು. ಕಾಲು ಎತ್ತಿ ಇಡುತ್ತಿದೆ, ಮುಂದೆ ಹೋಗುತ್ತಿಲ್ಲ. ಅದು ದರ್ಜಿ ದೊಡ್ಡಮ್ಮ. ಪೇಟೆಗೆ ಬಂದ ಪ್ರತಿ ಹೊಸಬರಿಗೂ ತೇಪೆ ಹಾಕಿದ ಕೋಟು ಹೊಲಿದು ಕೊಡುವವಳು, ನನಗೂ ಕೊಟ್ಟವಳು. ಅಧ್ಯಕ್ಷರೂ ನಕ್ಕರು. ನಾನೂ ನಗುತ್ತಿದ್ದೆನೋ ಏನೋ, ಆದರೆ ದೊಡ್ಡಮ್ಮ ಗೋಡೆಗೆ ಹಾಯುವವಳಲ್ಲ. ಆ ಚೌಕ ಅವಳಿಗೆ ಅಂಗೈಯಷ್ಟು ಪರಿಚಿತ.

'ದೊಡ್ಡಮ್ಮ, ಏನಾಯ್ತು?' ಎಂದು ಬರೆದೆ. ಉತ್ತರವಿಲ್ಲ. ಮತ್ತೆ ಬರೆದೆ. ಗೊಂಬೆ ನಡೆಯುತ್ತಲೇ ಇತ್ತು.

"ನೆಟ್‌ವರ್ಕ್ ಹೋಗಿರುತ್ತೆ ಬಿಡಿ," ಎಂದರು ಅಧಿಕಾರಿ.

ನೆಟ್‌ವರ್ಕ್ ಹೋದರೆ ಗೊಂಬೆ ಥಟ್ಟನೆ ಮಾಯವಾಗುತ್ತದೆ. ಆಡುವವರು ಎದ್ದು ಹೋದರೆ ಗೊಂಬೆ ಸುಮ್ಮನೆ ನಿಂತು, ಅರ್ಧ ಗಂಟೆಯಲ್ಲಿ ನಿಧಾನವಾಗಿ ಮಾಸಿ ಹೋಗುತ್ತದೆ. ಎಡಬಿಡದೆ ನಡೆಯಬೇಕಾದರೆ ಆ ಕಡೆ ಯಾರದೋ ಕೈ ಕೀಬೋರ್ಡಿನ ಕೀಲಿಯನ್ನು ಒತ್ತಿಯೇ ಇರಬೇಕು. ಮಾತಿಗೆ ಉತ್ತರ ಕೊಡದ, ಕೀಲಿಯಿಂದ ಮೇಲೇಳದ ಕೈ. ಹಿಂದೊಮ್ಮೆ ಅವಳೇ ನನಗೆ ಬರೆದಿದ್ದಳು: 'ಬೆಳಿಗ್ಗೆ ಇನ್ಸುಲಿನ್ ತಗೊಂಡು ಇಲ್ಲಿ ಕೂತುಬಿಟ್ರೆ ತಿಂಡಿ ತಿನ್ನೋದೇ ಮರೆತುಹೋಗುತ್ತೆ ಕಣೆ.'

"ಅವಳು ಬಿದ್ದಿದಾಳೆ ಮೇಡಂ. ಇನ್ಸುಲಿನ್ ತಗೊಂಡು ತಿಂಡಿ ತಿಂದಿರಲ್ಲ, ಕೀಬೋರ್ಡ್ ಮೇಲೇ ಬಿದ್ದಿದಾಳೆ," ಎಂದೆ.

ಮೇಡಂ ಎದ್ದು ನಿಂತರು. ನಮ್ಮ ಹತ್ತಿರ ಅವಳ ವಿಳಾಸವಿಲ್ಲ. ಯಾರ ವಿಳಾಸವೂ ಇಲ್ಲ; ಬೇಕೆಂದೇ ಅಡ್ಡಹೆಸರುಗಳಲ್ಲೇ ಸಂಶೋಧನೆಗೆ ಒಪ್ಪಿಗೆ ಪಡೆದಿದ್ದೆವು, ಅದನ್ನು ನಮ್ಮ ವಿಭಾಗದ ನೀತಿ ಎಂದು ಕೊಂಡಾಡಿಕೊಂಡಿದ್ದೆವು. ಆಟ ನಡೆಸುವ ಕಂಪನಿಗೆ ಬರೆದರೆ ಯಂತ್ರವೇ ಉತ್ತರ ಕೊಡುತ್ತದೆ, ಅದೂ ಪುರಸೊತ್ತು ಸಿಕ್ಕಾಗ.

"ಪೇಟೆಯವರನ್ನೇ ಕೇಳ್ತೀನಿ."

"ಕೇಳಬಾರದಲ್ಲ ಅಲ್ಲಿ," ಎಂದರು ಅಧ್ಯಕ್ಷರು. ಆ ಮನುಷ್ಯ ಕೇಳಿಸಿಕೊಂಡಿದ್ದರು, ಅಷ್ಟು ಹೇಳಲೇಬೇಕು.

"ನೀನು ಸಂಶೋಧಕಿ. ನೋಡಬೇಕು, ಕೈ ಹಾಕಬಾರದು," ಎಂದರು ಮೇಡಂ. ಹೇಳುವಾಗಲೇ ಅವರ ಧ್ವನಿ ಸೋತಿತ್ತು. ನಾನು ಬರೆದೆ: 'ದರ್ಜಿ ದೊಡ್ಡಮ್ಮನ ಮನೆ ಯಾರಿಗಾದ್ರೂ ಗೊತ್ತಾ? ಜೀವಕ್ಕೆ ಅಪಾಯ.'

ಚೌಕದಲ್ಲಿದ್ದ ಗೊಂಬೆಗಳೆಲ್ಲ ಒಂದರ ಹಿಂದೆ ಒಂದು ಬೆನ್ನು ತಿರುಗಿಸಿದವು. ಹೂವಿನಂಗಡಿಯವನು ತಿರುಗಿದ. ಅವಳಿಜವಳಿ ತಿರುಗಿದರು. ದಿನವೂ ದೊಡ್ಡಮ್ಮನ ಪಕ್ಕದಲ್ಲೇ ಕೂರುವ ಗೂಬೆಯೂ ತಿರುಗಿತು. ನಾನು ಅಷ್ಟು ಪ್ರೀತಿಯಿಂದ ವರ್ಣಿಸಿದ್ದ ಬೆನ್ನುಗಳು ಅವು. ಆ ಹೊತ್ತಿಗೆ ಅವುಗಳನ್ನು ನೋಡಿ ಸಿಟ್ಟು ಬಂತು. ಸುಳ್ಳು ಹೇಳಿ ವಿಳಾಸ ಕದಿಯುವವರು ಹಿಂದೆ ಅಲ್ಲಿಗೂ ಬಂದಿದ್ದರು, ಅವರೂ ಹೀಗೇ ಜೀವದ ಮಾತಾಡಿದ್ದರು. ನನ್ನನ್ನು ಯಾಕೆ ನಂಬಬೇಕು?

ನಂಬಿಸಲು ನನ್ನ ಹತ್ತಿರ ಇದ್ದದ್ದು ಒಂದೇ. ನನ್ನ ನಿಜವಾದ ಹೆಸರು, ಈ ಕೋಣೆ, ಈ ಬೀದಿ, ನಾನಿರುವ ಮನೆ, ನನ್ನ ಫೋನ್ ನಂಬರ್, ಎಲ್ಲವನ್ನೂ ಚೌಕದ ನಡುವೆ ಬರೆದು ಹಾಕಿದೆ. 'ಈಗ ನಿಮಗೆ ನಾನು ಗೊತ್ತು. ನಂಗೆ ಉತ್ತರ ಕೊಡಿ, ಇಲ್ಲಾಂದ್ರೆ ಬಂದು ಬೈದು ಹೋಗಿ' ಎಂದೂ ಸೇರಿಸಿದೆ. ನನ್ನ ಆ ಅಧ್ಯಾಯ ಅಲ್ಲಿಗೆ ಮುಗಿಯಿತು ಎಂದು ಗೊತ್ತಿತ್ತು. ಅಧ್ಯಯನ ಮಾಡುವ ಪದ್ಧತಿಯನ್ನು ಸ್ವತಃ ಮುರಿದವಳ ಮಾತನ್ನು ಯಾವ ಪರೀಕ್ಷಕರೂ ಒಪ್ಪುವುದಿಲ್ಲ.

ಬೆನ್ನುಗಳು ಕದಲಲಿಲ್ಲ. ದೊಡ್ಡಮ್ಮ ಗೋಡೆಗೆ ನಡೆಯುತ್ತಿದ್ದಳು. ಕೋಣೆಯಲ್ಲಿ ಯಾರೂ ನಗುತ್ತಿರಲಿಲ್ಲ. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಸ್ಪೀಕರ್‌ಗೆ ಹಾಕಿದೆ.

"ಕಾಗೆನಾ?" ಹೆಂಗಸಿನ ದನಿ, ಪಿಸುಮಾತು. "ನಾನು ಗೂಬೆ. ಅವರು ನಮ್ಮತ್ತೆ."

"ಎಲ್ಲಿದೆ ಅವರ ಮನೆ?"

"ಇದೇ ಮನೆ. ನಾನು ಕೆಳಗೆ, ಅವರು ಮೇಲೆ. ನಮಗೆ ಮಾತಿಲ್ಲ. ಮೂರು ವರ್ಷ ಆಯ್ತು. ಆ ಗೂಬೆ ನಾನು ಅಂತ ಅವರಿಗೆ ಗೊತ್ತಿಲ್ಲ. ಪೇಟೆಲಿ ಆದ್ರೂ ಪಕ್ಕ ಕೂರೋಣ ಅಂತ…"

"ಮೊದಲು ಮೆಟ್ಟಿಲು ಹತ್ತಮ್ಮ."

"ಸುಮ್ನೆ ಏನೋ ಸಿಕ್ಕಿಹಾಕ್ಕೊಂಡಿದಾರೆ ಅಂದ್ಕೊಂಡೆ. ನಾನು ಹೋಗಿ ಬಾಗಿಲು ತಟ್ಟಿದ್ರೆ, ನಾನೇ ಗೂಬೆ ಅಂತ ಗೊತ್ತಾಗಿಹೋಗುತ್ತೆ. ಆಮೇಲೆ ಅಲ್ಲೂ ಬರೋದು ಬಿಟ್ಟುಬಿಡ್ತಾರೆ. ನನಗೆ ಅದೊಂದೇ ಇರೋದು."

ನನಗೆ ತಲೆ ಕೆಟ್ಟುಹೋಯಿತು. "ಸತ್ತುಹೋದ್ರೂ ಬರಲ್ಲ. ಹತ್ತೇ, ಮಾರಾಯ್ತಿ, ಹತ್ತು."

ಆ ಕಡೆ ಕುರ್ಚಿ ಬಿದ್ದ ಸದ್ದು. ಮೆಟ್ಟಿಲ ಮೇಲೆ ಓಡುವ ಕಾಲು. ಬೀಗದ ಕೈ ಹುಡುಕುವ ಸದ್ದು, ಅದು ಕೆಳಗೆ ಬಿತ್ತು, ಮತ್ತೆ ಎತ್ತಿಕೊಂಡಳು. ಆಮೇಲೆ ಬಾಗಿಲು. "ಅತ್ತೆ. ಅತ್ತೆ, ಕಣ್ಣು ಬಿಡಿ ಅತ್ತೆ."

ಪರದೆಯ ಮೇಲೆ ದೊಡ್ಡಮ್ಮನ ಗೊಂಬೆ ಥಟ್ಟನೆ ನಿಂತಿತು. ಯಾರೋ ಆ ಕೈಯನ್ನು ಎತ್ತಿದ್ದರು.

"ಉಸಿರಾಡ್ತಿದಾರೆ. ಮೈಯೆಲ್ಲ ಬೆವೆತಿದೆ. ನರಳ್ತಿದಾರೆ," ಎಂದು ಅಳುತ್ತಿದ್ದಳು ಗೂಬೆ.

ಅಧಿಕಾರಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. ಅವರ ಜೇಬಿನಿಂದ ಗ್ಲೂಕೋಸ್ ಪುಡಿಯ ಪೊಟ್ಟಣವೊಂದು ಇಣುಕುತ್ತಿತ್ತು. ಆಗಲೇ ನನಗೆ ಅರ್ಥವಾದದ್ದು. "ನೋಡಮ್ಮ, ನನಗೂ ಇದೇ ಕಾಯಿಲೆ. ಪಕ್ಕಕ್ಕೆ ಮಲಗಿಸು. ನೀರು ಕುಡಿಸಬೇಡ, ನೆತ್ತಿಗೇರುತ್ತೆ. ಸಕ್ಕರೆ ಒದ್ದೆ ಮಾಡಿ ಒಸಡಿಗೆ ಸವರು. ವಿಳಾಸ ಹೇಳು, ಆಂಬುಲೆನ್ಸ್ ನಾವು ಕರಿತೀವಿ." ಅವಳು ಹೇಳಿದಳು. ಅಧ್ಯಕ್ಷರು ಆಗಲೇ ತಮ್ಮ ಫೋನಿನಲ್ಲಿ ಅದನ್ನು ಆಂಬುಲೆನ್ಸಿನವರಿಗೆ ಒಪ್ಪಿಸುತ್ತಿದ್ದರು. ಆಮೇಲೆ ಅವಳ ಕರೆ ಕಡಿದುಹೋಯಿತು.

ಕಾದೆವು. ಕಾಯುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಮೇಡಂ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದರು, ಬಿಡಿಸಿಕೊಳ್ಳುವ ಮನಸ್ಸಾಗಲಿಲ್ಲ. ಪರದೆಯಲ್ಲಿ ಗೊಂಬೆಗಳು ಒಂದೊಂದಾಗಿ ಮುಖ ತಿರುಗಿಸಿ ದೊಡ್ಡಮ್ಮನ ಸುತ್ತ ಬಂದು ನಿಂತವು. ಕೈ ಎತ್ತಿದ ಮೇಲೆ ದೊಡ್ಡಮ್ಮನ ಗೊಂಬೆಯೂ ಮಾಸತೊಡಗಿತ್ತು, ಶಾಲಿನ ನೀಲಿ ಬೂದಿಯಾಗುತ್ತಿತ್ತು. ಸ್ವಲ್ಪ ದೂರದಲ್ಲಿ ಗೂಬೆ, ಬಿಟ್ಟು ಓಡಿದ ಜಾಗದಲ್ಲೇ ನಿಂತು ಮಾಸುತ್ತಿತ್ತು.

ದೊಡ್ಡಮ್ಮ ನಿಂತೇ ಹೋಗಿಬಿಡುತ್ತಾಳೆ ಎಂದುಕೊಂಡೆ. ನಾನು ಅವಳ ಮುಖ ನೋಡಿದವಳಲ್ಲ, ಆದರೂ ನನ್ನ ಸ್ವಂತ ದೊಡ್ಡಮ್ಮನಿಗಾಗಿಯೂ ಅಷ್ಟು ಹೆದರುತ್ತಿದ್ದೆನೋ ಇಲ್ಲವೋ.

"ಅಲ್ಲಾಡ್ತು," ಎಂದರು ಅಧ್ಯಕ್ಷರು.

ಗೊಂಬೆಯ ಬಣ್ಣ ಮರಳಿತು. ಅದು ಗೋಡೆಯಿಂದ ತಿರುಗಿತು. ಒಂದೆರಡು ಹೆಜ್ಜೆ ಅಡ್ಡಾದಿಡ್ಡಿ ಇಟ್ಟು, ಕಟ್ಟೆಯನ್ನು ದಾಟಿ ಹೋಗಿ, ವಾಪಸು ಬಂದು ಕೂತಿತು. ಆಮೇಲೆ ಒಂದೊಂದೇ ಅಕ್ಷರ ಮೂಡತೊಡಗಿತು.

'ಆಸ್ಪತ್ರೆಯೋರು ಬಂದು ಗ್ಲೂಕೋಸ್ ಏರಿಸಿದ್ರು, ಈಗ ಎಳೀತಿದಾರೆ. ಒಂದು ನಿಮಿಷ ಅಂದಿದೀನಿ. ಗೂಬೆನ ಯಾರಾದ್ರೂ ಕೂರಿಸ್ರಪ್ಪ. ನಮ್ಮ ಹುಡುಗಿ ನಿಂತಲ್ಲೇ ಬಿಟ್ಟು ಓಡಿ ಬಂದಿದಾಳೆ.'

ಅದರ ಕೆಳಗೆ ಇನ್ನೊಂದು ಸಾಲು ಬಂತು.

'ನಂಗೇನು ಗೊತ್ತಿರಲಿಲ್ವಾ. ಕೆಳಗೆ ಕುಕ್ಕರ್ ಕೂಗಿದ ತಕ್ಷಣ ಇಲ್ಲಿ ಗೂಬೆ ಎದ್ದು ಹೋಗ್ತಿತ್ತು. ಹೇಳಿದ್ರೆ ಬರೋದು ಬಿಟ್ಟುಬಿಡ್ತಾಳೆ ಅಂತ ಸುಮ್ನಿದ್ದೆ.'

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಅಳುತ್ತಿದ್ದೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಗೂಬೆಯ ಗೊಂಬೆ ಬಹುತೇಕ ಮಾಸಿಹೋಗಿತ್ತು, ಇನ್ನೇನು ಮಾಯವಾಗಿಬಿಡುತ್ತದೆ. ಕೀಲಿಯ ಮೇಲೆ ಬೆರಳಿಟ್ಟು ಮೇಡಂ ಮುಖ ನೋಡಿದೆ. ನೋಡಬೇಕು, ಕೈ ಹಾಕಬಾರದು ಎಂದು ನನಗೆ ಕಲಿಸಿದವರು ಅವರೇ.

"ನನ್ನ ಮುಖ ಏನು ನೋಡ್ತೀಯಾ? ಕೂರಿಸೆ ಬೇಗ," ಎಂದರು.

ಕಾಗೆಯನ್ನು ಓಡಿಸಿಕೊಂಡು ಹೋಗಿ ಗೂಬೆಯ ಕೈ ಹಿಡಿದೆ. ಕಟ್ಟೆಯವರೆಗೆ ಎಳೆದುಕೊಂಡು ಬಂದು, ದೊಡ್ಡಮ್ಮನಿಗೆ ತಾಗುವಷ್ಟು ಹತ್ತಿರದಲ್ಲಿ ಕೂರಿಸಿದೆ. ಗೂಬೆ ಮಾಸುತ್ತಾ ಮಾಸುತ್ತಾ ಕೂತೇ ಹೋಯಿತು. ಅದರ ಹಿಂದೆಯೇ ದೊಡ್ಡಮ್ಮನೂ ಹೋದಳು.

"ಹಾಗಂದ್ರೆ ನಾಳೆ ಬರ್ತಾರೆ, ಇಬ್ಬರೂ," ಎಂದರು ಅಧ್ಯಕ್ಷರು, ತಮಗೆ ತಾವೇ ಹೇಳಿಕೊಳ್ಳುವಂತೆ.

ನಮ್ಮ ವಿಭಾಗದ ಬಗ್ಗೆ ಅವರು ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾನು ಕಾಗೆಯನ್ನೂ ಅವರಿಬ್ಬರು ಕೂತಿದ್ದ ಜಾಗದ ಪಕ್ಕದಲ್ಲಿ ಕೂರಿಸಿ, ಪ್ರೊಜೆಕ್ಟರ್ ಆರಿಸಿದೆ.