ಹದಿಮೂರು ಮೆಟ್ಟಿಲಿಗೆ ಒಂದು ಟಿಕೆಟ್

ನನ್ನ ಹೆಂಡತಿಯ ಮಾತು ಕೇಳಲೆಂದು ಊರಿನವರು ತಮ್ಮ ತಮ್ಮ ಟಿವಿಯ ಸದ್ದನ್ನು ಬಂದ್ ಮಾಡುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನಾನು ಸೋಫಾ ಹೊಲಿಯುವವನು. ಒಳಗೆ ಏನು ತುಂಬಿದ್ದೇನೆಂದು ಇದುವರೆಗೆ ಯಾರೂ ಬಿಚ್ಚಿ ನೋಡಿಲ್ಲ.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಒಂದು ಸಂಸ್ಥೆ. ಸಂಸ್ಥೆ ಎಂದರೆ ಮೊದಲ ಮಹಡಿಯಲ್ಲೊಂದು ಕೋಣೆ, ಒಂದು ಮೈಕು. ಅಲ್ಲಿ ಇಪ್ಪತ್ತೆರಡು ವರ್ಷಗಳಿಂದ ಓದುತ್ತಿರುವವಳು ನನ್ನಾಕೆ. ಗೋಡೆಗೆ ಫೋಮ್ ಹೊದಿಸಿದವನು ನಾನು. ಒಳಗೆ ಎಷ್ಟು ನಿಶ್ಶಬ್ದವೆಂದರೆ, ಒಮ್ಮೆ ನುಗ್ಗಿದ ನೊಣವೊಂದು ತನ್ನ ಸದ್ದಿಗೆ ತಾನೇ ಬೆಚ್ಚಿ ಹೊರಗೆ ಓಡಿಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಧ್ವನಿಮುದ್ರಿಸಿದ್ದನ್ನು ಕಂಪ್ಯೂಟರಿನಲ್ಲಿ ತಿದ್ದುವವರು ಮಾಸ್ಟ್ರು. ಹುಟ್ಟಿನಿಂದ ಕಣ್ಣಿಲ್ಲ. ನನ್ನಾಕೆಯ ಇಪ್ಪತ್ತೆರಡು ವರ್ಷದ ಕೆಮ್ಮನ್ನೆಲ್ಲ ಕತ್ತರಿಸಿ ಎಸೆದ ಮನುಷ್ಯ. ಅವಳನ್ನು ‘ತಂಗಿ’ ಎನ್ನುತ್ತಾರೆ. ಆ ಲೆಕ್ಕದಲ್ಲಿ ನಾನು ‘ಭಾವ’.

ಹೀಗಿರುವಾಗ ಕಟ್ಟಡದ ಮಾಲೀಕರು ಬಂದು, ಕೋಣೆಯನ್ನು ಜಿಮ್ ಮಾಡುವವರು ಕೇಳುತ್ತಿದ್ದಾರೆ, ತಿಂಗಳ ಕೊನೆಯೊಳಗೆ ವರ್ಷದ ಬಾಡಿಗೆ ಒಟ್ಟಿಗೆ ಕೊಡಿ, ಇಲ್ಲವೇ ಖಾಲಿ ಮಾಡಿ ಎಂದರು. ನನ್ನಾಕೆ ಓದುತ್ತಿದ್ದ ಪುಟಕ್ಕೆ ಗುರುತಿಟ್ಟು ಎದ್ದಳು. ಮನೆಗೆ ಬಂದವಳು ಊಟದ ತಟ್ಟೆಯನ್ನು ಸದ್ದಾಗದಂತೆ ಇಟ್ಟಳು. ನಮ್ಮ ಮನೆಯಲ್ಲಿ ತಟ್ಟೆ ಸದ್ದು ಮಾಡದಿದ್ದರೆ ನಾನು ಹೆದರುತ್ತೇನೆ.

ಸಂಸ್ಥೆಯವರು ದೇಣಿಗೆ ಎತ್ತಲು ಪ್ರಚಾರದ ಹುಡುಗಿಯೊಬ್ಬಳನ್ನು ಕರೆಸಿದರು. ಚುರುಕು ಹುಡುಗಿ. ಅಂತರ್ಜಾಲದಲ್ಲೊಂದು ಪುಟ ತೆರೆದು, ಯಾರೋ ಕುರುಡರು ಆಕಾಶಕ್ಕೆ ಮುಖ ಮಾಡಿ ನಿಂತ ಚಿತ್ರ ಹಾಕಿ, ಕೆಳಗೆ ‘ಕೊಡಿ’ ಎಂಬ ಗುಂಡಿ ಇಟ್ಟಳು. ಎರಡು ವಾರದಲ್ಲಿ ಮೂವರು ಕೊಟ್ಟರು. ನಾನು, ನನ್ನ ಹೆಂಡತಿ, ಮತ್ತು ಕೈತಪ್ಪಿ ಒತ್ತಿ ಮಾರನೇ ದಿನ ವಾಪಸು ಕೇಳಿದ ಒಬ್ಬ ಸಜ್ಜನ.

“ಲೈವ್ ಮಾಡೋಣ ಆಂಟಿ,” ಎಂದಳು ಹುಡುಗಿ. ಒಂದು ಸಂಜೆ ನನ್ನಾಕೆ ಕ್ಯಾಮರಾದ ಮುಂದೆ ಕೂತು ಪ್ರಾಮಾಣಿಕತೆಯ ಬಗ್ಗೆ ಒಂದು ಪ್ರಬಂಧ ಓದಿದಳು. ಕೇಳಿದವರು ಹದಿನಾಲ್ಕು ಜನ. ಮುಗಿದ ಮೇಲೆ ಲೈವ್ ನಿಲ್ಲಿಸುವ ಜವಾಬ್ದಾರಿ ನನ್ನದು. ನಿಲ್ಲಿಸಿದೆ. ಕ್ಯಾಮರಾವನ್ನು ಮಾತ್ರ.

ಆರೂವರೆಗೆ ಕೋಣೆಯ ಟಿವಿಯಲ್ಲಿ ನನ್ನಾಕೆ ಮತ್ತು ಮಾಸ್ಟ್ರ ಸೀರಿಯಲ್. ಇದು ವರ್ಷಗಳ ರೂಢಿ. ಪಕ್ಕದ ಆಫೀಸಿಗೆ ತೊಂದರೆಯಾಗದಿರಲೆಂದು ಇಬ್ಬರೂ ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ, ಅವಳು ನೋಡಿ ನೋಡಿ ಹೇಳುತ್ತಾಳೆ, ಅವರು ಕೇಳುತ್ತಾರೆ. ಅಂದು ತೆರೆದೇ ಇದ್ದ ಮೈಕೂ ಕೇಳಿತು.

“ಅತ್ತೆ ಮೆಟ್ಟಿಲಿಳೀತಿದಾಳೆ ಮಾಸ್ಟ್ರೇ. ಮೂರನೇ ಮೆಟ್ಟಿಲು. ನಿಂತ್ಲು. ಕಣ್ಣು ದೊಡ್ಡದು ಮಾಡಿದ್ಲು.”

“ಎಷ್ಟು ದೊಡ್ಡದು? ಕೋಳಿಮೊಟ್ಟೆನಾ?”

“ಬಾತುಕೋಳಿದು.”

“ಅಬ್ಬಾ! ಹಾಗಾದ್ರೆ ಇವತ್ತು ಯಾರಿಗೋ ಗ್ರಹಚಾರ. ಸೊಸೆ?”

“ಅಳ್ತಿದಾಳೆ. ಕಾಡಿಗೆ ಮಾತ್ರ ಒಂಚೂರೂ ಹರಡಿಲ್ಲ. ಯಾವ ಕಂಪನಿದೋ, ಗಟ್ಟಿ ಮಾಲು. ನಾಲ್ಕನೇ ಮೆಟ್ಟಿಲು.”

“ಒಟ್ಟು ಹದಿಮೂರಲ್ವಾ ತಂಗಿ? ಶುಕ್ರವಾರದ ಹೊತ್ತಿಗೆ ಕೆಳಗೆ ಬರ್ತಾಳೆ ಬಿಡು.”

ಹದಿನಾಲ್ಕು ಜನ ನಾಲ್ಕು ನೂರಾದರು. ಬೆಳಗಾಗುವಷ್ಟರಲ್ಲಿ ಹುಡುಗಿಯ ಫೋನು ಬಿಸಿಯಾಗಿ, ಅದರ ಮೇಲೆ ಬಟ್ಟೆ ಇಸ್ತ್ರಿ ಮಾಡಬಹುದಿತ್ತು. ಎಲ್ಲರದೂ ಒಂದೇ ಪ್ರಶ್ನೆ: ಆ ಆಂಟಿ ಇವತ್ತು ಎಷ್ಟು ಹೊತ್ತಿಗೆ?

“ದಿನಾ ಮಾಡಿ ಆಂಟಿ! ಮಧ್ಯೆ ಒಂದ್ಸಲ, ಕೋಣೆ ಹೋಗ್ತಿದೆ ಅಂತ, ಸ್ವಲ್ಪ ಅತ್ತುಬಿಡಿ ಸಾಕು,” ಎಂದಳು ಹುಡುಗಿ.

“ಅಳೋದು ಸೊಸೆ ಕೆಲಸ ಕಣಮ್ಮ. ಅದಕ್ಕೆ ಅವಳಿಗೆ ಸಂಬಳ ಕೊಡ್ತಾರೆ,” ಎಂದಳು ನನ್ನಾಕೆ. “ಆ ಆಕಾಶ ನೋಡೋ ಚಿತ್ರಾನೂ ತೆಗಿ. ಮಾಸ್ಟ್ರು ಯಾವತ್ತಾದ್ರೂ ಹಾಗೆ ನಿಂತಿದ್ದು ನೋಡಿದೀಯಾ?”

“ನಿಂತ್ರೆ ಕತ್ತು ನೋಯುತ್ತೆ,” ಎಂದರು ಮಾಸ್ಟ್ರು. “ಜಾಹೀರಾತು ಬಂದಾಗ ನಾನೇ ಮಾತಾಡ್ತೀನಿ ಬಿಡಿ.”

ಅಂದು ಜಾಹೀರಾತಿನ ನಡುವೆ ಅವರು ಹೇಳಿದ್ದು ಇಷ್ಟೇ: “ನಮ್ಮ ತಂಗಿ ಓದಿದ ಪುಸ್ತಕ ಕೇಳಿ ವಕೀಲರಾದೋರಿದಾರೆ, ಮೇಷ್ಟ್ರಾದೋರಿದಾರೆ. ಆ ಪುಸ್ತಕ ಓದೋ ಕೋಣೆ ಇದು. ಕಣ್ಣಿರೋರು ಇವತ್ತು ಅವಳ ಧ್ವನಿ ಪುಕ್ಕಟೆ ಕೇಳ್ತಿದೀರಿ. ಇದು ದಾನ ಅಲ್ಲ ಸ್ವಾಮಿ, ಟಿಕೆಟ್ಟು. ತಗೊಂಡು ಕೂತ್ಕೊಳ್ಳಿ.”

ಜನ ಟಿಕೆಟ್ ತಗೊಂಡರು. ಬಸ್ಸಿನಲ್ಲೂ ತಗೊಳ್ಳದವರು ತಗೊಂಡರು. ಅಡುಗೆ ಮಾಡುತ್ತಾ, ಟ್ಯಾಕ್ಸಿ ಓಡಿಸುತ್ತಾ, ಇಸ್ತ್ರಿ ಮಾಡುತ್ತಾ ಕೇಳಿದರು. ನಮ್ಮ ಬೀದಿಯ ಹಲ್ಲಿನ ಡಾಕ್ಟರು ಅತ್ತೆ ಮೆಟ್ಟಿಲಿಳಿಯುವಾಗ ಡ್ರಿಲ್ ನಿಲ್ಲಿಸುತ್ತಿದ್ದರು. ಒಬ್ಬನ ಬಾಯಿ ಹನ್ನೊಂದು ನಿಮಿಷ ತೆರೆದೇ ಇತ್ತಂತೆ. ಎದ್ದವನು ಮೊದಲು ಕೇಳಿದ್ದು ಹಲ್ಲಿನ ಬಗ್ಗೆ ಅಲ್ಲ, ಸೊಸೆಯ ಬಗ್ಗೆ.

ತಿಂಗಳ ಕೊನೆಯ ದಿನ. ಬಾಡಿಗೆಗೆ ಇನ್ನೂ ಕಾಲು ಭಾಗ ಬೇಕು. ಬೆಳಿಗ್ಗೆಯೇ ಮಾಲೀಕರ ಕಡೆಯವನೊಬ್ಬ ಬಂದು ಜಿಮ್ಮಿನ ಕನ್ನಡಿಗಾಗಿ ನನ್ನ ಫೋಮಿನ ಮೇಲೆ ಟೇಪು ಹಿಡಿದು ಅಳತೆ ತೆಗೆದುಕೊಂಡು ಹೋಗಿದ್ದ. ಆ ಸಂಜೆ ಅತ್ತೆ ಕೊನೆಯ ಬಾರಿಗೆ ಮೆಟ್ಟಿಲಿಳಿದು ಗುಟ್ಟು ಹೇಳುವ ಕಂತು. ಕೇಳುವವರು ಎಷ್ಟು ಸಾವಿರವೋ, ನಾನು ಹೇಳಿದರೆ ನೀವು ಅದರಲ್ಲಿ ಅರ್ಧ ಕಳೆಯುತ್ತೀರಿ, ಆದ್ದರಿಂದ ಹೇಳುವುದಿಲ್ಲ.

“ಮೊದಲನೇ ಮೆಟ್ಟಿಲು,” ಎಂದಳು ನನ್ನಾಕೆ. ಟಿವಿಯ ಪರದೆ ಕಪ್ಪಾಯಿತು.

ಸದ್ದು ಇದೆ, ಚಿತ್ರ ಇಲ್ಲ. ನಾನು ಟಿವಿಯ ತಲೆಗೆ ಎರಡು ಬಿಟ್ಟೆ. ಸೋಫಾ ಆಗಿದ್ದರೆ ಸರಿಹೋಗುತ್ತಿತ್ತು. ಅವಳ ಮುಖ ಬಿಳಿಚಿತು. ಇಪ್ಪತ್ತೆರಡು ವರ್ಷದಲ್ಲಿ ಪುಟದಲ್ಲಿಲ್ಲದ ಒಂದು ಅಕ್ಷರವನ್ನೂ ಓದಿದವಳಲ್ಲ. ಕಾಣದ್ದನ್ನು ಹೇಗೆ ಹೇಳಿಯಾಳು?

“ಮಾಸ್ಟ್ರೇ,” ಎಂದಳು ಮೈಕಿನಲ್ಲೇ, “ನಂಗೆ ಏನೂ ಕಾಣಿಸ್ತಿಲ್ಲ.”

“ಅಷ್ಟೇ ತಾನೇ?” ಎಂದರು ಮಾಸ್ಟ್ರು. “ಕೂತ್ಕೋ ತಂಗಿ. ಇವತ್ತು ನಾನು ಹೇಳ್ತೀನಿ, ನೀನು ಕೇಳು.”

ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡರು.

“ಎರಡನೇ ಮೆಟ್ಟಿಲು. ಇವತ್ತು ಚಪ್ಪಲಿ ಇಲ್ಲ, ಬರಿಗಾಲು. ಮೂರು. ಮೆಟ್ಟಿಲ ರೇಲಿಂಗ್ ಹಿಡ್ಕೊಂಡಿದಾಳೆ, ಉಂಗುರ ಮರಕ್ಕೆ ತಾಗ್ತಿದೆ. ನಾಲ್ಕು. ಉಂಗುರ ಒಂದೇ ಸಮ ಟಕಟಕ ಅಂತಿದೆ ತಂಗಿ. ಕೈ ನಡುಗ್ತಿದೆ. ಇವಳು ಸಿಟ್ಟಲ್ಲಿಲ್ಲ. ಹೆದರಿದಾಳೆ.”

ಹದಿಮೂರು ಮೆಟ್ಟಿಲನ್ನೂ ಅವರು ಹಾಗೇ ಇಳಿಸಿದರು. ಕೊನೆಯ ಮೆಟ್ಟಿಲಿಗೆ ಹುಡುಗಿ ಬಾಗಿಲಲ್ಲಿ ನಿಂತು ಫೋನು ಎತ್ತಿ ತೋರಿಸಿದಳು. ಪರದೆಯ ತುಂಬ ಜನ ಬರೆಯುತ್ತಿದ್ದರು. ಒಬ್ಬಾಕೆಯದು ನನಗೆ ಬಾಯಿಪಾಠ: ‘ಮೂರು ವರ್ಷದಿಂದ ನೋಡ್ತಿದೀನಿ, ಅತ್ತೆ ಕೈ ನಡುಗೋದು ಇವತ್ತೇ ಕಂಡಿದ್ದು. ನಾಲ್ಕು ಟಿಕೆಟ್, ಮನೆಮಂದಿಗೆಲ್ಲ.’

ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಕಂತು ಮುಗಿಯಿತು, ಗುಟ್ಟು ನಾಳೆಗೆ ಉಳಿಯಿತು. ಏಳು ಗಂಟೆಗೆ ಬಾಡಿಗೆ ತುಂಬಿತು. ಏಳೂಕಾಲಿಗೆ ಮಾಲೀಕರೇ ಮೇಲೆ ಬಂದರು. ರಶೀದಿ ಬರೆದರು, ಹರಿದು ಕೊಟ್ಟರು, ಆದರೆ ಹೋಗಲಿಲ್ಲ.

“ಏನ್ರೀ, ಇನ್ನೇನು?” ಎಂದೆ.

“ಅಲ್ಲಾ, ಆ ಅತ್ತೆ ಯಾಕೆ ಹೆದರಿದ್ದು ಅಂತ ಮಾಸ್ಟ್ರಿಗೇನಾದ್ರೂ...”

“ನಾಳೆ ಬನ್ನಿ,” ಎಂದರು ಮಾಸ್ಟ್ರು. “ಟಿಕೆಟ್ ಇದೆ ತಾನೇ?”

ಮಾಲೀಕರು ಜೇಬಿನಿಂದ ಫೋನು ತೆಗೆದು, ಕನ್ನಡಕ ಏರಿಸಿ, ಶಾಲೆಯ ಹುಡುಗನ ಹಾಗೆ ತೋರಿಸಿದರು. ಇತ್ತು.

ಅಂದು ಮನೆಯಲ್ಲಿ ತಟ್ಟೆ ಎಂಥ ಸದ್ದು ಮಾಡಿತೆಂದರೆ ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು.

“ರೀ,” ಎಂದಳು ಬಡಿಸುತ್ತಾ, “ಅವತ್ತು ಲೈವ್ ನಿಲ್ಸಿ ಅಂದ್ರೆ ನೀವು ಬೇಕಂತ ತಾನೇ ಮೈಕ್ ಬಿಟ್ಟಿದ್ದು?”

ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಅವಕಾಶ ನನ್ನ ಜನ್ಮದಲ್ಲಿ ಸಿಕ್ಕಿರಲಿಲ್ಲ. “ಇಲ್ಲ ಕಣೇ,” ಎಂದೆ, “ಗೊತ್ತಾಗ್ಲಿಲ್ಲ.”

ಅವಳು ನಂಬಲಿಲ್ಲ. ಇನ್ನೊಂದು ಸೌಟು ಹೆಚ್ಚಿಗೆ ಬಡಿಸಿದಳು.